ಬಿತ್ತನೆಯ ಶೇಂಗಾ

ಶಶಿ, ವೀಣಾ — ನಿಮ್ಮ ಮಂಜು ಕಾಕಾ ಚಿಕ್ಕವನಿದ್ದಾಗ ಸಾಯುವಂತಾಗಿದ್ದು ಅವನ ತಾಯಿ ಗೌರವ್ವನ ಕೈಯಿಂದಲ್ಲ. ನನ್ನ ಕೈಯಿಂದ.

ಆಗ ನಾವು ಚೋರನೂರಿನಲ್ಲಿದ್ದೆವು. ಗೌರವ್ವ ನನ್ನ ಮೈದುನನ ಹೆಂಡತಿ. ಬೀಗರು ಬರುವವರಿದ್ದರು, ಉಪ್ಪು ಶೇಂಗಾ ಮಾಡಲು ಅತ್ತೆ ಹೇಳಿದರು. ಡಬ್ಬಿಯಲ್ಲಿದ್ದ ಶೇಂಗಾವನ್ನು ನಾನು ಕಂಪ್ಲಿಯ ತವರಿಗೆ ಗುಟ್ಟಾಗಿ ಕಳಿಸಿಬಿಟ್ಟಿದ್ದೆ. ಅದು ಅತ್ತೆಗೆ ತಿಳಿದರೆ — ಆ ಭಯಕ್ಕೆ ಅಟ್ಟದ ಮೇಲಿನ ಬಿತ್ತನೆ ಬೀಜದ ಚೀಲಕ್ಕೆ ಕೈ ಹಾಕಿದೆ. ಹುಳ ಹತ್ತದಂತೆ ಅದಕ್ಕೆ ಕೆಂಪು ಔಷಧಿ ಪುಡಿ ಹಚ್ಚಿದ್ದರು. ಮುಟ್ಟಬೇಡ ಎಂದು ನಿಮ್ಮಜ್ಜ ಹೇಳಿಯೂ ಇದ್ದರು. ನೀರು ತಿಳಿಯಾಗುವ ತನಕ ತೊಳೆದೆ. ಉಪ್ಪುನೀರಲ್ಲಿ ನೆನೆಹಾಕಿದೆ, ಬಟ್ಟೆಯ ಮೇಲೆ ಆರಿಸಿದೆ. ಉಪ್ಪಿಗೆ, ಬೆಂಕಿಗೆ ಯಾವ ವಿಷ ಉಳಿಯುತ್ತದೆ ಎಂದುಕೊಂಡೆ. ಶೇಂಗಾದ ಸಿಪ್ಪೆಯೂ ಕೆಂಪೇ ಅಲ್ಲವೇ — ಯಾರಿಗೂ ಕಾಣಲಿಲ್ಲ.

ಕಾದ ಉಸುಕಿನಲ್ಲಿ ಹುರಿದವಳು ಗೌರವ್ವ. ಜರಡಿಯಲ್ಲಿ ಉಸುಕು ಸೋಸಿ, ಮೊದಲ ಹಿಡಿಯನ್ನು ಮಗನ ಅಂಗಿಯ ಉಡಿಗೆ ಹಾಕಿದಳು. ಅವನು ವಾಂತಿ ಮಾಡುತ್ತ ಕಣ್ಣು ಮೇಲೆ ಮಾಡಿದಾಗ ಅತ್ತೆ ಕೂಗಿದರು.

"ಯಾರ ಹುರಿದೋರು?"

"ನಾನ ರೀ ಅತ್ತಿ."

"ಬೂಷ್ಟು ಹಿಡಿದ ಕಾಳು ಆರಿಸಬೇಕಂತ ಗೊತ್ತಾಗಲಿಲ್ಲೇನ? ಹಡೆದ ಕೂಸಿಗೇ ವಿಷ ಕೊಟ್ಟೆಲ್ಲ! ಇನ್ನ ಮ್ಯಾಲ ಅವನ ಬಾಯಿಗೆ ನೀ ತುತ್ತು ಇಡಬ್ಯಾಡ!"

ನಾನು ಅಲ್ಲೇ ಇದ್ದೆ. ಸಂಡೂರಿನ ಆಸ್ಪತ್ರೆಯಲ್ಲಿ ಡಾಕ್ಟರು "ಏನು ತಿಂದಿದ್ದಾನೆ?" ಎಂದು ಕೇಳಿದಾಗಲೂ ಇದ್ದೆ. ಔಷಧಿಯ ಹೆಸರು ಹೇಳಿದ್ದರೆ — ಹೇಳಲಿಲ್ಲ. ಮಗು ಸಾಯುತ್ತಿರಬಹುದೆಂದು ತಿಳಿದೂ ಹೇಳಲಿಲ್ಲ. ಮನೆಗೆ ಬಂದವಳೇ ಉಳಿದ ಶೇಂಗಾವನ್ನು ತಿಪ್ಪೆಯಲ್ಲಿ ಹೂತೆ.

ಅವನು ಬದುಕಿದ. ಆದರೆ ಅತ್ತೆ ಇರುವ ತನಕ ಅವನಿಗೆ ತುತ್ತು ಕೊಟ್ಟವಳು ನಾನು. ಗೌರವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಹೋದ ತಿಂಗಳು ಅವಳು ಹೊಸಪೇಟೆಗೆ, ನಮ್ಮ ಮನೆಗೆ ಬಂದಾಗ, ವೀಣಾ, ನೀನು "ಸಣ್ಣಜ್ಜಿ, ಉಪ್ಪು ಶೇಂಗಾ ಮಾಡಿಕೊಡ್ರಿ" ಎಂದೆ. "ನನ್ನ ಕೈ ಚಲೋದಲ್ಲ ಯವ್ವಾ, ನಿಮ್ಮಜ್ಜಿ ಕೈಲೆ ಮಾಡಿಸ್ಕೋ" ಎಂದಳು. ನೀವು ನಕ್ಕಿರಿ. ನಾನು ಹುರಿದು ಕೊಟ್ಟೆ. ಅವಳು ಒಂದೊಂದೇ ಕಾಳು ಬಾಯಿಗೆ ಹಾಕಿಕೊಂಡು, "ಅಕ್ಕಾರ ಕೈ ಅಂದ್ರ ಕೈ" ಎಂದಳು.

ನಾಳೆ ಗೌರವ್ವನ ಮನೆಗೆಂದು ಸಂಡೂರಿನ ಬಸ್ಸು ಹತ್ತುತ್ತೇನೆ. ಅವಳೆದುರು ಕೂತು ಹೇಳುತ್ತೇನೆ — ಹೇಳುವೆನೇ? ಹಿಂದೆಯೂ ಹೀಗೆಯೇ ಹೋಗಿ, ಚಹಾ ಕುಡಿದು, ವಾಪಸು ಬಂದಿದ್ದೇನೆ. ಅದಕ್ಕೇ ಬರೆದೆ. ಹೇಳದೆ ಬಂದರೆ, ಮಂಜು ಕಾಕಾನನ್ನೂ ಕೂರಿಸಿಕೊಂಡು ಗೌರವ್ವನ ಮುಂದೆ ಇದನ್ನು ನೀವೇ ಓದಿ. ಅಲ್ಲಿಯವರೆಗೆ ಈ ಹಾಳೆಗಳನ್ನು ಜೋಪಾನವಾಗಿಡಿ. ನಾನು ಅತ್ತು ಬೇಡಿದರೂ ನನ್ನ ಕೈಗೆ ಮಾತ್ರ ಕೊಡಬೇಡಿ.