ಒಳಜೇಬಿನಲ್ಲಿ ಇದ್ದದ್ದು

ಹೋದ ತಿಂಗಳು ತೀರಿಕೊಂಡ ನನ್ನ ಗೆಳೆಯನನ್ನು ನಾವೆಲ್ಲ ಭೂತಗನ್ನಡಿ ಎಂದು ಕರೆಯುತ್ತಿದ್ದೆವು. ಅವನ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಮಡಚುವ ಭೂತಗನ್ನಡಿ ಸದಾ ಇರುತ್ತಿತ್ತು. ಬಟ್ಟೆ ಅಂಗಡಿಗೆ ಹೋದರೆ ಬಣ್ಣ ನೋಡುವ ಮೊದಲು ಕಾಲರಿನ ಒಳಹೊಲಿಗೆ ನೋಡಿ, ಈ ಗುಂಡಿ ಎರಡು ಒಗೆತಕ್ಕೆ ಉದುರುತ್ತದೆ ಎಂದು ಹೇಳಿ ಅಂಗಡಿಯವನ ಮುಖ ಸಪ್ಪಗೆ ಮಾಡಿ ಬರುತ್ತಿದ್ದ. ಅವನ ಹೆಂಡತಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡವರು. ನಮ್ಮನೆಯಲ್ಲಿ ಬಟ್ಟೆ ಒಗೆಯುವುದಕ್ಕೆ ಮುಂಚೆ ಅದರ ವಿಚಾರಣೆ ನಡೆಯುತ್ತದೆ ಎಂದು ನಗುತ್ತಿದ್ದರು.

ಅವನು ಕೆಲಸ ಮಾಡಿದ್ದು ಪೊಲೀಸ್ ಇಲಾಖೆಯ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ. ಸತ್ತವರ ಮೈಮೇಲಿನ ಬಟ್ಟೆಗಳು ಅರಗಿನ ಮುದ್ರೆ ಹಾಕಿದ ಪೊಟ್ಟಣಗಳಲ್ಲಿ ಅವನ ಮೇಜಿಗೆ ಬರುತ್ತಿದ್ದವು. ಮೇಲೆ ಒಂದು ಸಂಖ್ಯೆ, ಅಷ್ಟೆ. ಬಿಳಿ ಹಾಳೆ ಹಾಸಿ, ಬಟ್ಟೆಯನ್ನು ಅದರ ಮೇಲೆ ಮಲಗಿಸಿ, ಚಿಮಟದಿಂದ ಜೇಬುಗಳನ್ನು ಒಳಮೈ ಹೊರಗೆ ಮಾಡಿ, ಕಂಡದ್ದನ್ನೆಲ್ಲ ಬರೆದು, ಮತ್ತೆ ಮುದ್ರೆ ಹಾಕಿ ಕಳಿಸಬೇಕು. ಯಾರ ಬಟ್ಟೆ ಎಂದು ಕೇಳುವ ಪದ್ಧತಿ ಅಲ್ಲಿರಲಿಲ್ಲ. ಹೆಸರು ಗೊತ್ತಾದರೆ ಕಣ್ಣು ಒಂದು ಕಡೆ ವಾಲುತ್ತದೆ ಎಂದು ಅವನ ಹಿರಿಯರು ಕಲಿಸಿದ್ದರಂತೆ. ಸೇವೆಯಲ್ಲಿ ಇದ್ದಷ್ಟು ಕಾಲವೂ ಅವನು ಸತ್ತವರ ಮನೆಯವರೊಬ್ಬರನ್ನೂ ನೋಡಲಿಲ್ಲ. ಅದನ್ನು ಒಂದು ಶಿಸ್ತು ಎಂಬಂತೆ ನನ್ನ ಬಳಿ ಹೇಳಿಕೊಳ್ಳುತ್ತಿದ್ದ.

ನಿವೃತ್ತನಾದ ಮೇಲೆ ಹೊತ್ತು ಹೋಗದೆ ಒಂದು ಪತ್ತೇದಾರಿ ಕಾದಂಬರಿ ಬರೆದ. ನಾನು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದವನು. ಅವನ ಪುಸ್ತಕದ ಕರಡನ್ನೂ ನಾನೇ ತಿದ್ದಿದೆ. ಕಥೆ ಓಡುತ್ತಿತ್ತು. ಕಾಲುವೆಯ ಪಕ್ಕ ಒಬ್ಬ ಹುಡುಗಿಯ ಹೆಣ. ಮೈಮೇಲೆ ನೀಲಿ ಕೋಟು. ಅಂಗಡಿಯಲ್ಲಿ ಕೊಂಡ ಕೋಟಿಗೆ ಯಾರೋ ಕೈಯಿಂದ ಹೊಲಿದು ಸೇರಿಸಿದ ಒಳಜೇಬು. ಜೇಬಿನ ಬಟ್ಟೆ ಹಳೆಯ ಪರದೆಯ ತುಂಡು, ಅದರಲ್ಲಿ ಅರ್ಧ ಹಕ್ಕಿ, ಇನ್ನರ್ಧ ಹೊಲಿಗೆಯೊಳಗೆ ಹೋಗಿದೆ. ದಾರ ಹಸಿರು, ಯಾಕೆಂದರೆ ಹೊಲಿದವರ ಬಳಿ ನೀಲಿ ದಾರ ಮುಗಿದಿತ್ತು. ಆ ಜೇಬಿನಲ್ಲಿ ಒಂದು ಲಾಡ್ಜಿನ ಕೋಣೆಯ ಕೀಲಿ. ಆ ಕೀಲಿ ಹಿಡಿದು ಇನ್‌ಸ್ಪೆಕ್ಟರು ಹುಡುಗಿಯ ಗುಟ್ಟಿನ ಪ್ರಿಯಕರನವರೆಗೆ ಹೋಗುತ್ತಾನೆ, ಅಲ್ಲಿಂದ ಕೊಲೆಗಾರನವರೆಗೆ. ಪ್ರಕಾಶಕರು ಹಿಂಬದಿ ರಕ್ಷಾಪುಟದಲ್ಲಿ ಅವನ ಫೋಟೋ ಹಾಕಿ, ಪ್ರಯೋಗಾಲಯದ ಅನುಭವದಿಂದಲೇ ಎದ್ದುಬಂದ ಕಥೆ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದರು.

ನಮ್ಮ ಗ್ರಂಥಾಲಯದ ಮಹಡಿಯ ಮೇಲೆ ಭಾನುವಾರ ಬೆಳಗ್ಗೆ ಓದುಗರ ಕೂಟ ನಡೆಯುತ್ತದೆ. ಮಡಚುವ ಕುರ್ಚಿಗಳು, ಕಿರುಗುಟ್ಟುವ ಒಂದು ಫ್ಯಾನು, ಫ್ಲಾಸ್ಕಿನ ಚಹಾ. ಕೂಟದ ಹಿರಿಯರು ನಿವೃತ್ತ ಮೇಷ್ಟ್ರು. ಎಂಥ ಪುಸ್ತಕವನ್ನೂ ಉತ್ತರಪತ್ರಿಕೆಯಂತೆ ನೋಡುವವರು. ಭೂತಗನ್ನಡಿಯ ಪುಸ್ತಕ ಚರ್ಚೆಗೆ ಬಂದ ದಿನ ಅವರು, ನಡುವೆ ಸ್ವಲ್ಪ ಎಳೆದಿದ್ದಾರೆ, ಆದರೆ ಪಾಸು ಎಂದರು. ಔಷಧಿ ಅಂಗಡಿಯವರು ತಾನು ಕೊಲೆಗಾರನನ್ನು ಅರ್ಧದಲ್ಲೇ ಹಿಡಿದೆ ಎಂದರು. ಅವರ ಹೆಂಡತಿ ಪಕ್ಕದಿಂದ, ಇವರು ಎಲ್ಲರನ್ನೂ ಒಂದೊಂದು ಸಲ ಹಿಡಿದರು, ಅದರಲ್ಲಿ ಅವನೂ ಇದ್ದ ಎಂದು ತಿದ್ದಿದರು. ಕಾಲೇಜಿನ ಹುಡುಗಿಯೊಬ್ಬಳು ಮಾತ್ರ, ಇಂಥ ಕಥೆಗಳಲ್ಲಿ ಗಂಡಸರು ಬುದ್ಧಿವಂತರಾಗಲಿ ಅಂತಲೇ ಹೆಂಗಸರು ಸಾಯುತ್ತಾರೆ ಎಂದಳು. ಮೇಷ್ಟ್ರು ಅದನ್ನು ಪಠ್ಯದ ಹೊರಗಿನ ಪ್ರಶ್ನೆ ಎಂದು ಪಕ್ಕಕ್ಕಿಟ್ಟರು. ಆದರೆ ಒಂದು ವಿಷಯದಲ್ಲಿ ಎಲ್ಲರೂ ಒಂದಾದರು: ಆ ಒಳಜೇಬು. ಅರ್ಧ ಹಕ್ಕಿಯ ಜಾಗ ಓದುವಾಗ ಪುಸ್ತಕ ಕೆಳಗಿಟ್ಟೆ ಎಂದು ಔಷಧಿ ಅಂಗಡಿಯವರೇ ಒಪ್ಪಿಕೊಂಡರು. ಎಲ್ಲಿ ಸಿಕ್ಕಿತು ಇದು ನಿಮಗೆ ಎಂದು ಯಾರೋ ಕೇಳಿದರು.

ಭೂತಗನ್ನಡಿ ಎದ್ದು ನಿಂತು, ಕನ್ನಡಕ ಒರೆಸಿಕೊಂಡು, "ಕಲ್ಪನೆ" ಎಂದ.

ಚಪ್ಪಾಳೆ ಬಿತ್ತು. ಅವನ ಕಿವಿ ಕೆಂಪಾಗಿತ್ತು, ಸಂತೋಷಕ್ಕೆ.

ಎಲ್ಲರೂ ಇಳಿದು ಹೋದ ಮೇಲೆ ನಾವಿಬ್ಬರು ಕುರ್ಚಿ ಮಡಚಿ ಗೋಡೆಗೆ ಒರಗಿಸುತ್ತಿದ್ದೆವು. ಕೊನೆಯ ಸಾಲಿನ ಒಂದು ಕುರ್ಚಿಯಲ್ಲಿ ಒಬ್ಬ ಹೆಂಗಸು ಇನ್ನೂ ಕೂತಿದ್ದರು. ಅರವತ್ತರ ಆಸುಪಾಸು, ಕೈಗಳ ಚರ್ಮ ಸೋಪಿನ ನೀರಲ್ಲಿ ನೆನೆದು ನೆನೆದು ಬಿಳಿಚಿತ್ತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಎಂದು ಆಮೇಲೆ ತಿಳಿಯಿತು. ಮಡಿಲಲ್ಲಿ ಅವನ ಪುಸ್ತಕವಿತ್ತು. ಸಹಿ ಬೇಕೇನೋ ಎಂದುಕೊಂಡು ಅವನು ಪೆನ್ನು ತೆಗೆದ.

"ಆ ಜೇಬು ಹೊಲಿದದ್ದು ನಾನು" ಎಂದರು ಆಕೆ.

ಅವನ ಕೈಯ ಪೆನ್ನು ಅಲ್ಲೇ ನಿಂತಿತು. ನನಗೆ ಮೊದಲು ಅರ್ಥವಾಗಲಿಲ್ಲ. ಅವನಿಗೆ ಅರ್ಥವಾದದ್ದು ಅವನ ಮುಖದಲ್ಲಿ ಕಂಡಿತು. ಆಕೆ ದನಿ ಏರಿಸದೆ ಹೇಳುತ್ತಾ ಹೋದರು. ಮಗಳು ಪ್ಯಾಕಿಂಗ್ ಕಾರ್ಖಾನೆಯಲ್ಲಿದ್ದಳು, ಕೋಟು ಕಾರ್ಖಾನೆಯದು, ಅದಕ್ಕೆ ಜೇಬಿರಲಿಲ್ಲ. ಪರದೆ ಅವರ ಅಡುಗೆಮನೆಯ ಕಿಟಕಿಯದು. ಒಂದು ಸಂಜೆ ಕತ್ತಲಾಗುವ ಹೊತ್ತಿಗೆ ಹುಡುಗಿ ಹೊರಗೆ ಹೋದವಳು ಬರಲಿಲ್ಲ. ಒಬ್ಬನನ್ನು ಹಿಡಿದರು, ಸಾಕ್ಷಿ ಸಾಲದು ಎಂದು ಬಿಟ್ಟರು. ಕೋಟು ವಾಪಸ್ ಬರಲಿಲ್ಲ; ಕೇಳಿದರೆ ವಿಲೇವಾರಿ ಆಗಿದೆ ಎಂದರು. ಬೀದಿಯವರು, ಆ ಹೊತ್ತಿನಲ್ಲಿ ಹುಡುಗಿಗೆ ಹೊರಗೆ ಏನು ಕೆಲಸ ಎಂದು ವರ್ಷಗಟ್ಟಲೆ ಮಾತಾಡಿಕೊಂಡು, ಕೊನೆಗೆ ಬೇಜಾರಾಗಿ ಸುಮ್ಮನಾಗಿದ್ದರು. ಈಗ ಪುಸ್ತಕ ಬಂದಿತ್ತು. ಲಾಂಡ್ರಿಯಲ್ಲಿ ಜೊತೆಯವಳೊಬ್ಬಳು ಚೆನ್ನಾಗಿದೆ ಓದು ಎಂದು ಕೊಟ್ಟಿದ್ದಳು.

ಆಕೆ ಪುಸ್ತಕ ತಿರುಗಿಸಿ ಅವನ ಫೋಟೋದ ಕೆಳಗಿನ ದಪ್ಪಕ್ಷರದ ಮೇಲೆ ಬೆರಳಿಟ್ಟರು. "ಇದು ನಿಜ ಅಂತ ಇದೆಯಲ್ಲ ಸರ್. ಕೀಲಿ ಇತ್ತಾ?"

ಆಗ ನನಗೆ ತಿಳಿಯಿತು. ಆಕೆ ಜಗಳಕ್ಕೆ ಬಂದಿರಲಿಲ್ಲ. ಪುಸ್ತಕ ಓದಿದ ದಿನದಿಂದ ಆಕೆಗೆ ತನ್ನ ಮಗಳ ಮೇಲೆಯೇ ಅನುಮಾನ ಬಂದಿತ್ತು. ಬೀದಿಯವರು ಅಂದದ್ದೇ ಸರಿಯಿರಬಹುದೇ ಎಂದು ಕೇಳಲು ಬಂದಿದ್ದರು.

"ಇರಲಿಲ್ಲಮ್ಮ" ಎಂದ ಅವನು. "ಕೀಲಿ ನಾನು ಹಾಕಿದ್ದು."

"ಮತ್ತೆ ಏನಿತ್ತು?"

"ಕೆಮ್ಮಿನ ಮಾತ್ರೆ. ಚೀಪೋದು. ಎರಡು, ಒಂದಕ್ಕೊಂದು ಅಂಟಿಕೊಂಡಿದ್ದವು."

ಆಕೆ ದಪ್ಪಕ್ಷರದ ಮೇಲಿನ ಬೆರಳು ತೆಗೆದರು. ಫ್ಯಾನು ಕಿರುಗುಟ್ಟುತ್ತಿತ್ತು. ಆಮೇಲೆ, ಕೆಮ್ಮು ನನ್ನದು ಎಂದರು. ಹಾಗಾದರೆ ಹುಡುಗಿ ಅಂಗಡಿಗೆ ಹೋಗಿದ್ದಳು. ಹೋಗಿ, ಕೊಂಡು, ಮನೆಗೆ ಹಿಂತಿರುಗುತ್ತಿದ್ದಳು. ಆಗ ಅವರ ಬೀದಿಯ ಅಂಗಡಿಯವನು, ಅವಳು ಬಂದ ನೆನಪಿಲ್ಲ ಎಂದಿದ್ದನಂತೆ. ಪೊಲೀಸರಿಗೆ ಅದು ಬೇಕಿರಲಿಲ್ಲ. ಆ ತಾಯಿಗೆ ಬೇಕಿದ್ದ ಒಂದೇ ಒಂದು ಸಂಗತಿ ಇಷ್ಟು ವರ್ಷ ನನ್ನ ಗೆಳೆಯನ ತಲೆಯಲ್ಲಿ ಕೂತಿತ್ತು, ಮತ್ತು ಕಥೆಗೆ ರುಚಿಯಿಲ್ಲ ಎಂದು ಅವನು ಅದನ್ನು ತೆಗೆದು ಕೀಲಿ ಹಾಕಿದ್ದ.

ಅವನು ಬರೆಯುವಾಗ ಎಚ್ಚರ ತಪ್ಪಿದವನಲ್ಲ. ಊರು ಬದಲಿಸಿದ್ದ, ವಯಸ್ಸು ಬದಲಿಸಿದ್ದ, ಸತ್ತ ರೀತಿ ಬದಲಿಸಿದ್ದ. ಕಾನೂನು ಯಾವುದನ್ನು ಗುರುತು ಎನ್ನುತ್ತದೋ ಅದನ್ನೆಲ್ಲ ಅಳಿಸಿದ್ದ. ಜೇಬನ್ನು ಬದಲಿಸಬೇಕು ಎಂದು ಅವನಿಗೆ ಹೊಳೆಯಲೇ ಇಲ್ಲ. ಅವನ ಮೇಜಿನ ಮೇಲೆ ಆ ಜೇಬು ಯಾರದೂ ಆಗಿರಲಿಲ್ಲ.

ಪುಸ್ತಕವನ್ನೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಆ ಜೇಬಿನ ಮಾತು ಎಲ್ಲೂ ಇರದ ಹಾಗೆ ಮಾಡುತ್ತೇನೆ ಎಂದು ಅವನು ತೊದಲಿದ. ಆಕೆ ತಲೆಯಲ್ಲಾಡಿಸಿದರು.

"ಜೇಬು ಇರಲಿ. ಕೋಟು ಹೋಯಿತು, ಪರದೆಯೂ ಹೋಯಿತು. ಅದು ಉಳಿದಿರೋದು ನಿಮ್ಮ ಪುಸ್ತಕದಲ್ಲಿ ಮಾತ್ರ. ಕೀಲಿ ತೆಗೀರಿ. ಯಾರಿಗೂ ಏನೂ ಹೇಳಬೇಡಿ. ಮತ್ತೆ ಬೀದಿಯ ಬಾಯಿಗೆ ಅವಳನ್ನ ಕೊಡಬೇಡಿ."

ಅವತ್ತು ಅವನ ಜೊತೆ ಮನೆಗೆ ಹೋದೆ. ನಡೆದದ್ದನ್ನು ಹೆಂಡತಿಗೆ ಹೇಳುವಾಗ ಅವನು ಅವರ ಮುಖ ನೋಡಲಿಲ್ಲ, ಹೊಲಿಗೆ ಯಂತ್ರದ ಚಕ್ರ ನೋಡುತ್ತಿದ್ದ. ಅವರು ಯಂತ್ರ ನಿಲ್ಲಿಸಿ ಪೂರ್ತಿ ಕೇಳಿದರು. ಆಕೆಯ ಮನೆಗೆ ಹೋಗಿ ಕ್ಷಮೆ ಕೇಳಿ ಬರುತ್ತೇನೆ ಎಂದು ಇವನು ಎದ್ದಾಗ, "ಕೂತ್ಕೊಳ್ಳಿ" ಎಂದರು. "ನೀವು ಹೋಗಿ ಅತ್ತರೆ ಆಕೆ ನಿಮ್ಮನ್ನ ಸಮಾಧಾನ ಮಾಡಬೇಕಾಗುತ್ತೆ. ಕೇಳಿದ್ದನ್ನ ಮಾಡಿ, ಸಾಕು."

ಕೇಳಿದ್ದನ್ನು ಮಾಡುವುದು ಸುಲಭವಿರಲಿಲ್ಲ. ಕಥೆಯ ಬೆನ್ನೆಲುಬೇ ಆ ಕೀಲಿ. ಅದು ಹೋದರೆ ಲಾಡ್ಜು ಹೋಯಿತು, ಪ್ರಿಯಕರ ಹೋದ, ಇನ್‌ಸ್ಪೆಕ್ಟರು ದಾರಿ ತಪ್ಪಿದ. ಹೊಸ ಸುಳಿವು ಹುಟ್ಟಿಸು ಎಂದು ನಾನು ಎಷ್ಟೋ ದಾರಿ ಹೇಳಿದೆ: ಗುಂಡಿ, ಕೂದಲು, ಚಪ್ಪಲಿಯ ಗುರುತು. ಅವಳ ಮೈಮೇಲೆ ಇನ್ನು ನಾನು ಏನನ್ನೂ ಇಡಲ್ಲ ಎಂದ. ಎರಡನೆಯ ಮುದ್ರಣದ ಕರಡು ನನ್ನ ಕೈಗೆ ಬಂದಾಗ ಅದರಲ್ಲಿ ಜೇಬಿತ್ತು, ಅರ್ಧ ಹಕ್ಕಿಯಿತ್ತು, ಅಂಟಿಕೊಂಡ ಎರಡು ಮಾತ್ರೆಗಳಿದ್ದವು. ಕೊಲೆಗಾರ ಸಿಗಲಿಲ್ಲ. ಪ್ರಕಾಶಕರು ಫೋನಿನಲ್ಲಿ ಬೈದರು. ಹಿಂಬದಿಯ ದಪ್ಪಕ್ಷರ ತೆಗೆಯುವುದಕ್ಕೂ ಬೇಡಿಕೊಳ್ಳಬೇಕಾಯಿತು. ಮೊದಲ ಮುದ್ರಣದ ಪ್ರತಿಗಳು ಆಗಲೇ ಮಾರಾಟವಾಗಿ ಊರೆಲ್ಲ ಹರಡಿದ್ದವು.

ಆ ಮುದ್ರಣಕ್ಕೆ ನಮ್ಮ ಕೂಟ ಇನ್ನೊಂದು ಭಾನುವಾರ ಕೊಟ್ಟಿತು. ಕೊಡದಿದ್ದರೆ ಚೆನ್ನಾಗಿತ್ತು. ಔಷಧಿ ಅಂಗಡಿಯವರು, ಈ ಸಲ ನಾನು ಯಾರನ್ನೂ ಹಿಡಿಯಲಿಲ್ಲ, ಇನ್‌ಸ್ಪೆಕ್ಟರೂ ಹಿಡಿಯಲಿಲ್ಲ, ಇಬ್ಬರೂ ಸಮ ಎಂದರು. ಎಲ್ಲರೂ ನಕ್ಕರು. ಮೇಷ್ಟ್ರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಒಳ್ಳೆಯ ವಿದ್ಯಾರ್ಥಿ ಮರುಪರೀಕ್ಷೆಯಲ್ಲಿ ಫೇಲಾದ ಹಾಗಾಯಿತು ಎಂದರು. ಜೇಬಿನಲ್ಲಿ ಒಂದು ವಸ್ತು ತೋರಿಸಿದ ಮೇಲೆ ಅದರಿಂದ ಏನಾದರೂ ಆಗಬೇಕು, ಓದುಗನಿಗೆ ಕೊಟ್ಟ ಮಾತು ಅದು ಎಂದರು.

"ಆ ಮಾತ್ರೆಗಳು ಕಥೆಯಲ್ಲಿ ಎಲ್ಲಿಗೂ ಹೋಗಲ್ಲವಲ್ಲ ಸ್ವಾಮಿ" ಎಂದರು ಕೊನೆಗೆ.

"ಹೌದು ಮೇಷ್ಟ್ರೇ" ಎಂದ ಭೂತಗನ್ನಡಿ. "ಎಲ್ಲಿಗೂ ಹೋಗಲಿಲ್ಲ."

ಕೀಲಿ ಯಾಕೆ ತೆಗೆದಿರಿ, ಅದು ಎಷ್ಟು ಚೆನ್ನಾಗಿತ್ತು ಎಂದು ಹಿಂದಿನಿಂದ ಯಾರೋ ಕೇಳಿದರು. ಅದು ಆ ಹುಡುಗಿಯದಲ್ಲ ಎಂದ. ಮತ್ತೆ ನಗು. ಅವನು ತಲೆ ತಗ್ಗಿಸಿ ಕೂತ. ಕೆಟ್ಟ ಪುಸ್ತಕ ಬರೆದವನ ನಾಚಿಕೆ ಎಂದು ಅವರು ತಿಳಿದರು. ಅದೊಂದೇ ನಾಚಿಕೆಯಾಗಿದ್ದರೆ ಅವನು ಅದನ್ನು ಹಬೆಯಾಡುವ ಚಹಾದ ಜೊತೆ ಕುಡಿದು ಮುಗಿಸುತ್ತಿದ್ದ. ಅವನನ್ನು ತಿನ್ನುತ್ತಿದ್ದದ್ದು ಆ 'ಕಲ್ಪನೆ' ಎಂಬ ಮಾತು, ಅದನ್ನು ಹೇಳುವಾಗ ಆಕೆ ಕೊನೆಯ ಸಾಲಿನಲ್ಲಿದ್ದದ್ದು, ಅದಕ್ಕೆ ಬಿದ್ದ ಚಪ್ಪಾಳೆ.

ಅಲ್ಲಿಂದ ಮುಂದೆ ಅವನ ಕೆಲಸ ಮೊದಲ ಮುದ್ರಣದ ಪ್ರತಿಗಳನ್ನು ಹುಡುಕುವುದು. ಹೊಸ ಪ್ರತಿಗಳನ್ನು ಚೀಲದಲ್ಲಿ ಹಾಕಿಕೊಂಡು, ಪರಿಚಯದವರ ಮನೆಗಳಿಗೆ, ಹಳೆಯ ಪುಸ್ತಕದ ಅಂಗಡಿಗಳಿಗೆ ಹೋಗಿ, ಅದನ್ನು ಕೊಡಿ ಇದನ್ನು ಇಟ್ಟುಕೊಳ್ಳಿ ಎನ್ನುತ್ತಿದ್ದ. ಕೆಲವರು ಕೊಟ್ಟರು. ಹಲವರು, ಬೇಡ ಸರ್, ಹಳೆಯದೇ ಚೆನ್ನಾಗಿದೆ ಎಂದರು. ತಾನು ಬರೆದ ಪುಸ್ತಕದ ಹೊಗಳಿಕೆ ಕೇಳಿ ಬಾಡಿದ ಮುಖ ಹೊತ್ತು ಮೆಟ್ಟಿಲಿಳಿಯುವ ಲೇಖಕನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗ್ರಂಥಾಲಯದ ಪ್ರತಿಯನ್ನು ಬದಲಿಸಲು ಗ್ರಂಥಪಾಲಕಿ ಒಪ್ಪಲಿಲ್ಲ. ದಾಖಲಾದ ಪುಸ್ತಕ, ಹಾಗೆ ಕೊಡುವಂತಿಲ್ಲ. ಕೀಲಿಯ ಸಾಲುಗಳ ಮೇಲೆ ಮಸಿ ಹೊಡೆದುಬಿಡು ಎಂದೆ ನಾನು. ಅವನು ನನ್ನನ್ನು ಬೆಚ್ಚಿ ನೋಡಿದ. ಸಂಖ್ಯೆ ಬಿದ್ದ ವಸ್ತುವನ್ನು ಕೆಡಿಸುವುದು ಅವನ ಕೈಯಿಂದಾಗದ ಕೆಲಸ. ಅದಕ್ಕೆ ತನ್ನ ಕಾರ್ಡಿನ ಮೇಲೆ ಆ ಪುಸ್ತಕವನ್ನು ಎರವಲು ತಂದ. ಅವಧಿ ಮುಗಿದಾಗ ಕೌಂಟರಿನಲ್ಲಿಟ್ಟು ಮತ್ತೆ ತಂದ. ಸಾಯುವ ತನಕ ಹಾಗೇ ನಡೆಸಿದ. ಲೇಖಕರಿಗೆ ತಮ್ಮ ಪುಸ್ತಕ ಎಷ್ಟು ಓದಿದರೂ ಸಾಲದು ಎಂದು ಗ್ರಂಥಪಾಲಕಿ ಚುಡಾಯಿಸುತ್ತಿದ್ದರು.

ಆಸ್ಪತ್ರೆಯಲ್ಲಿ, ಮಾತು ಇನ್ನೂ ಸ್ಪಷ್ಟವಿದ್ದಾಗ, ಅವನು ನನಗೆ ಹೇಳಿದ್ದು ಇಷ್ಟು: "ನಮಗೆ ಬೇಡದ್ದು ಯಾರಿಗೂ ಬೇಡ ಅಂದುಕೊಂಡಿದ್ದೆ ಕಣೋ. ಎಷ್ಟು ಜೇಬು ಬಿಚ್ಚಿದ್ದೀನಿ."  ನಾನು ಅವನ ಹೊದಿಕೆ ಸರಿಮಾಡಿದೆ.

ಸಂತಾಪ ಸಭೆ ಅದೇ ಮಹಡಿಯ ಮೇಲೆ ನಡೆಯಿತು. ಮೇಷ್ಟ್ರು ಪ್ರೀತಿಯಿಂದಲೇ ಮಾತಾಡಿದರು. ಮೊದಲ ಮುದ್ರಣವೇ ಅವರ ನಿಜವಾದ ಸಾಧನೆ, ಆಮೇಲೆ ಕೈ ಸೋತಿತ್ತು ಎಂದರು. ಕೊನೆಯ ಸಾಲಿನಲ್ಲಿ ಆ ತಾಯಿ ಇದ್ದರು. ಇಳಿಯುವಾಗ ಮೆಟ್ಟಿಲ ಬಳಿ ನನಗಾಗಿ ಕಾದರು. ಸರ್ ಮಾತು ಉಳಿಸಿಕೊಂಡರು, ಆದರೆ ಹೀಗೆ ಅನ್ನಿಸಿಕೊಳ್ಳುತ್ತಾರೆ ಎಂದು ಗೊತ್ತಿರಲಿಲ್ಲ, ನೀವು ಬೇಕಾದರೆ ಬರೆಯಿರಿ, ನಮ್ಮ ಹೆಸರು ಬೇಡ, ಮಾತ್ರೆಯ ವಿಷಯ ಬರೆಯಿರಿ ಎಂದರು. ಅದಕ್ಕೆ ಇದನ್ನು ಬರೆದೆ.

ನಿನ್ನೆ ಅವನ ಹೆಂಡತಿ ಗ್ರಂಥಾಲಯದ ಪ್ರತಿಯನ್ನು ನನ್ನ ಕೈಗೆ ಕೊಟ್ಟು, ಅವಧಿ ಮುಗಿದಿದೆ, ವಾಪಸ್ ಕೊಟ್ಟುಬಿಡಿ ಎಂದರು. ಅವರಾಗಲೇ ಅದಕ್ಕೆ ಹೊಸ ಹೊದಿಕೆ ಹಾಕಿದ್ದರು. ಕೌಂಟರಿನಲ್ಲಿ ಇಟ್ಟೆ. ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ತುಂಬ ದಿನದಿಂದ ಇದಕ್ಕೆ ಕಾಯುತ್ತಿದ್ದಾರೆ ಎಂದರು ಗ್ರಂಥಪಾಲಕಿ. ಎರಡನೆಯ ಮುದ್ರಣ ಕಪಾಟಿನಲ್ಲೇ ಇದೆ, ಅದನ್ನು ಓದಿ ನೋಡಿ ಎಂದೆ ನಾನು. ಆಕೆ ನಕ್ಕು, ಎಲ್ಲರೂ ಮೊದಲನೆಯದೇ ಚೆನ್ನಾಗಿದೆ ಅಂತಾರಲ್ಲ ಸರ್ ಎಂದಳು. ಆಕೆ ಕೈ ಚಾಚುವಷ್ಟರಲ್ಲಿ ನಾನು ನನ್ನ ಕಾರ್ಡನ್ನು ಪುಸ್ತಕದ ಮೇಲಿಟ್ಟೆ. ಗ್ರಂಥಪಾಲಕಿ ನನ್ನನ್ನೊಮ್ಮೆ, ಆಕೆಯನ್ನೊಮ್ಮೆ ನೋಡಿದರು. ವಯಸ್ಸಾದವನು ಹುಡುಗಿಯ ಕೈಯಿಂದ ಪುಸ್ತಕ ಕಿತ್ತುಕೊಂಡ ಹಾಗಾಗಿತ್ತು. ನಾನು ತಲೆ ಎತ್ತಲಿಲ್ಲ. ಮುದ್ರೆ ಬಿದ್ದ ಮೇಲೆ ಅದನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದೆ.