ಹೌಸಾ ಮಾವಶಿಯ ಫರ್ಮಾ

ಹೌಸಾ ಮಾವಶಿ ಬೀಡಿ ಎಲೆ ಕದ್ದಿರಲಿಲ್ಲ. ಅದು ನನಗೆ ಗೊತ್ತಿತ್ತು. ಅವಳನ್ನು ಓಣಿಯ ನಡುವೆ ನಿಲ್ಲಿಸಿ ಕಳ್ಳಿ ಎಂದಾಗ ನಾನು ನಮ್ಮ ಮನೆಯ ಬಾಗಿಲಲ್ಲೇ ನಿಂತಿದ್ದೆ, ಹತ್ತು ಹೆಜ್ಜೆ ದೂರದಲ್ಲಿ. ಬಾಯಿ ಬಿಡಲಿಲ್ಲ. ಅವಳ ಎಲೆ ಕಡಿಮೆ ಬೀಳಲು ಕಾರಣ ನಾನು. ಅದನ್ನು ಇಷ್ಟು ವರ್ಷ ಯಾರಿಗೂ ಹೇಳದೆ ಬದುಕಿದವಳೂ ನಾನೇ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಿಪ್ಪಾಣಿಯ ನಮ್ಮ ಓಣಿಯಲ್ಲಿ ಮನೆಗೊಬ್ಬರಾದರೂ ಬೀಡಿ ಕಟ್ಟುತ್ತಿದ್ದರು. ಅವ್ವ ಕಟ್ಟುತ್ತಿದ್ದಳು, ಓಣಿಯೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಎದುರುಮನೆಯ ಹೌಸಾ ಕಟ್ಟುತ್ತಿದ್ದಳು. ಕಾರ್ಖಾನೆಯವರು ಎಲೆ ತೂಗಿ ಕೊಡುತ್ತಿದ್ದರು. ಹೆಂಗಸರು ಅದರ ಮೇಲೆ ತಗಡಿನ ಫರ್ಮಾ ಇಟ್ಟು, ಅದರ ಅಂಚಿಗೆ ಸರಿಯಾಗಿ ಕತ್ತರಿಸಿ, ಕೊಟ್ಟ ಎಲೆಗೆ ತಕ್ಕಷ್ಟು ಬೀಡಿ ಕಟ್ಟಿ ಒಪ್ಪಿಸಬೇಕು. ನಾನೊಬ್ಬಳು ಮಾತ್ರ ಕಂಪ್ಯೂಟರ್ ಕಲಿತು ಪೇಟೆಯ ಡಿ.ಟಿ.ಪಿ. ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅದರ ಸೊಕ್ಕು — ಸಣ್ಣದೇನಲ್ಲ.

ಒಂದು ದಿನ ಕಾರ್ಖಾನೆಯ ಮಾಲಕರ ಮಗ ಫ್ಲಾಪಿ ಹಿಡಿದು ಬಂದ. ಎಲ್ಲರಿಗೂ ಒಂದೇ ಅಳತೆಯ ಹೊಸ ಫರ್ಮಾ ಮಾಡಿಸಬೇಕೆಂದು ಎಂಜಿನಿಯರಿಂಗ್ ನಕ್ಷೆ ತೆಗೆಯುವ ತಂತ್ರಾಂಶದಲ್ಲಿ ಅದನ್ನು ಬಿಡಿಸಿಕೊಂಡು ಬಂದಿದ್ದ. ನಾನು ಆ ಫೈಲನ್ನು ಚಿತ್ರ ಬಿಡಿಸುವ ತಂತ್ರಾಂಶಕ್ಕೆ ತಂದು, ನಡುವೆ ಕಾರ್ಖಾನೆಯ ಹೆಸರು, ಗುರುತು ಕೂರಿಸಿ ಮುದ್ರಿಸಿ ಕೊಡಬೇಕು. ಆ ಹಾಳೆಯನ್ನು ತಗಡಿಗೆ ಅಂಟಿಸಿ ತಗಡಿನ ಕೆಲಸದವನು ಗೆರೆ ಹಿಡಿದು ಕತ್ತರಿಸುತ್ತಾನೆ. "ಒಳಗ ತರೂಮುಂದ ಅಳತಿ ಕೇಳತೈತ್ರಿ. ಒಂದು ಯೂನಿಟ್‌ಗೆ ಒಂದು ಮಿಲಿಮೀಟರ್ ಅಂತ ಕೊಡ್ರಿ, ಮರೀಬ್ಯಾಡ್ರಿ" ಎಂದು ಹೇಳಿ ಚೀಟಿಯಲ್ಲೂ ಬರೆದುಕೊಟ್ಟ.

ಮರೆತೆ ಎಂದರೆ ಸುಳ್ಳಾಗುತ್ತದೆ. ಅಳತೆ ಕೇಳುವ ಆ ಸಣ್ಣ ಕಿಟಕಿ ತೆರೆದಾಗ ನಾನು ಓದಲೇ ಇಲ್ಲ. ದಿನಾಲೂ ಒತ್ತುವ ಹಾಗೆ ಎಂಟರ್ ಒತ್ತಿದೆ. ಕಂಪ್ಯೂಟರ್ ತನ್ನಷ್ಟಕ್ಕೆ ಅಳತೆ ಹಾಕಿಕೊಂಡು ಚಿತ್ರವನ್ನು ಪುಟದ ತುಂಬ ಹಿಗ್ಗಿಸಿತು. ನಾನು ಅದರ ಮೇಲೇ ಹೆಸರು ಕೂರಿಸಿದೆ, ಗುರುತು ಕೂರಿಸಿದೆ. ಕೆಲಸ ಮುಗಿದ ಮೇಲೆ ಚೀಟಿ ಕಣ್ಣಿಗೆ ಬಿತ್ತು. ಮತ್ತೆ ಮೊದಲಿನಿಂದ ಮಾಡಬೇಕು — ಬೇಸರ ಬಂತು. ಚಿತ್ರದ ಮೂಲೆ ಹಿಡಿದು ಮೌಸಿನಿಂದ ಎಳೆದು ಸಣ್ಣದು ಮಾಡಿದೆ. ಮಾದರಿಗಿರಲೆಂದು ಅವ್ವನ ಹಳೆಯ ಫರ್ಮಾ ಚೀಲದಲ್ಲಿ ತಂದಿದ್ದೆ; ಅದನ್ನೇ ಪರದೆಯ ಉಬ್ಬಿದ ಗಾಜಿಗೆ ಹಿಡಿದು ನೋಡಿದೆ. ಕೂಡಿತು ಅನ್ನಿಸಿತು. ಮುದ್ರಿಸಿ ಕೊಟ್ಟೆ.

ನಲವತ್ತು ಹೆಂಗಸರಿಗೆ ಹೊಸ ಫರ್ಮಾ ಬಂತು. ಹಳೆಯದನ್ನು ತಿರುಗಿ ಕೊಡಬೇಕೆಂದು ಹುಕುಂ ಆಯಿತು.

ವಾರವಾಗಿರಬೇಕು, ಹೌಸಾ ಮಾವಶಿ ಅಂಗಡಿಗೆ ಬಂದಳು. ಸೆರಗಿನಲ್ಲಿ ಎರಡು ಫರ್ಮಾ. ಒಂದರ ಮೇಲೊಂದು ಇಟ್ಟು ನನ್ನ ಮೇಜಿನ ಮೇಲೆ ಸರಿಸಿದಳು.

"ಯವ್ವಾ ಸುನಂದಾ, ಹಳೇದು ಕೊಟ್ಟು ಬರಾಕ ಹೊಂಟೀನಿ. ಅದಕ್ಕ ಮೊದ್ಲ ಒಮ್ಮೆ ನೋಡು. ನನಗ ಯಾಕೋ ಹೊಸಾದು ದೊಡ್ಡದು ಕಾಣಾಕತ್ತೈತಿ. ಎಲಿ ಸಾಲವಲ್ದು. ನೀ ಕಲ್ತಾಕಿ, ನೀ ಹೇಳು."

ನೋಡಿದೆ. ಹೊಸ ತಗಡು ಹಳೆಯದರ ಎರಡು ಬದಿಗೂ ಹೊರಗೆ ಚಾಚಿತ್ತು. ಎರಡು ಮಿಲಿಮೀಟರ್ ಇದ್ದೀತು. ಎರಡು ತುಂಡು ಹುಟ್ಟಬೇಕಾದ ಎಲೆಯಲ್ಲಿ ಒಂದೇ ಹುಟ್ಟಲು ಅಷ್ಟು ಸಾಕು. ಅಂಗಡಿಯ ಯಜಮಾನರು ಪಕ್ಕದಲ್ಲೇ ಕೂತಿದ್ದರು, ತಲೆಯೆತ್ತಿ ನೋಡಿದರು. ಆಗ ನನ್ನ ಬಾಯಿಂದ —

"ಎರಡೂ ಒಂದ ಅದಾವ ಮಾವಶಿ. ತಗಡ ಬಾಗೇತಿ, ಅದಕ್ಕ ಹಂಗ ಕಾಣತೈತಿ. ಕಂಪ್ಯೂಟರ್ ತಪ್ಪಂಗಿಲ್ಲ."

ಅವಳು ಮತ್ತೊಮ್ಮೆ ತಗಡುಗಳನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. "ಹೌದಾ? ಹಂಗಾರ ಆತು ಬಿಡು" ಎಂದು ಹೋದಳು.

ಅವಳು ಹೋದ ಮೇಲೆ ಫೈಲು ತೆರೆದೆ. ಚೀಟಿಯಲ್ಲಿದ್ದ ಹಾಗೆ ಒಂದು ಯೂನಿಟ್‌ಗೆ ಒಂದು ಮಿಲಿಮೀಟರ್ ಎಂದು ಕೊಟ್ಟು ಮತ್ತೆ ತಂದೆ. ಹಳೆಯ ಫರ್ಮಾದ ಅಳತೆಯೇ ಕರಾರುವಾಕ್ಕಾಗಿ ಬಂದು ನಿಂತಿತು. ಒಂದೇ ಒಂದು ಗುಂಡಿಯ ಮಾತಾಗಿತ್ತು. ಸರಿಯಾದದ್ದನ್ನು ಹಳೆಯ ಹೆಸರಿನಲ್ಲೇ ಉಳಿಸಿ ತಪ್ಪಿನ ಗುರುತು ಅಳಿಸಿಬಿಟ್ಟೆ. ಮುಂದೆ ಕಾರ್ಖಾನೆಯ ಬೇರೆ ಶೆಡ್ಡುಗಳಲ್ಲಿ ಬೀಡಿ ಕಟ್ಟುವವರಿಗೆ ಹೋದ ಫರ್ಮಾ ಸರಿಯಾಗಿಯೇ ಇದ್ದವು. ನಮ್ಮ ಓಣಿಯವು ಮಾತ್ರ —

ಒಂದೂವರೆ ತಿಂಗಳ ನಂತರ, ಊಟದ ಹೊತ್ತಿನಲ್ಲಿ, ಬೀಡಿ ಎಣಿಸಿಕೊಳ್ಳುವ ಚೆಕ್ಕರ್ ಇಬ್ಬರನ್ನು ಕರೆದುಕೊಂಡು ಮಾವಶಿಯ ಮನೆಗೆ ಬಂದ. ಒಳಗೆ ಹುಡುಕಿ ಒಲೆಯ ಬದಿಯಿಂದ ಒಂದು ಚೀಲ ಎಲೆಚೂರು ಹೊರಗೆಳೆದು, ಅವಳನ್ನು ಓಣಿಯ ನಡುವೆ ನಿಲ್ಲಿಸಿದ.

"ಒಲಿ ಹೊತ್ತಸಾಕ ಇಟ್ಟೀನ್ರಿ ಸಾಹೇಬ್ರ. ಕತ್ತರಿಸಿ ಉಳದ ಚೂರ್ರಿ."

"ನಲವತ್ತು ಮಂದಿಗೆ ಒಂದ ಫರ್ಮಾ ಕೊಟ್ಟೀವಿ. ಯಾರಿಗೂ ಎಲಿ ಕಮ್ಮಿ ಬಿದ್ದಿಲ್ಲ. ನಿನಗೊಬ್ಬಾಕಿಗೆ ಹೆಂಗ ಬೀಳತೈತಿ? ಯಾರಿಗೆ ಮಾರಿದಿ, ಹೇಳು ಕಳ್ಳಿ!"

ಮಾವಶಿ ತನ್ನ ಕೈಗಳನ್ನು ನೋಡಿಕೊಂಡಳು. ಅವನು ಅವಳ ಕೆಲಸದ ಕಾರ್ಡು ಕಸಿದುಕೊಂಡು ಹೋದ. ಅವ್ವ ನನ್ನ ಹಿಂದೆ ನಿಂತಿದ್ದವಳು ಒಳಗೆ ನಡೆದಳು. ಅವನ ಪ್ರಶ್ನೆಯಲ್ಲಿ ನನಗೆ — ಹೇಳಲು ನಾಚಿಕೆಯಾಗುತ್ತದೆ — ಒಂದು ಸಮಾಧಾನ ಸಿಕ್ಕಿತ್ತು. ಉಳಿದವರಿಗೆ ಬೀಳದ್ದು ಇವಳಿಗೇ ಬಿದ್ದಿದೆ ಎಂದರೆ ಕಾರಣ ನನ್ನ ಫರ್ಮಾ ಅಲ್ಲವೇನೋ. ಹಾಗೆಂದುಕೊಂಡು ಅಂದು ಊಟವನ್ನೂ ಮಾಡಿದೆ.

ತಿಂಗಳೊಳಗೆ ಅವಳು ಮನೆ ಬಿಟ್ಟು ರಾಯಬಾಗ ತಾಲೂಕಿನ ಅಲಖನೂರಿಗೆ, ಮಗಳ ಮನೆಗೆ ಹೋದಳು.

ಎರಡು ವರ್ಷದ ಮೇಲೆ ಮುಗಳಖೋಡದಲ್ಲಿ ಒಂದು ಮದುವೆಗೆ ಹೋದಾಗ ಅಲಖನೂರಿಗೂ ಹೋದೆ. ಹೇಳಿಬಿಡಬೇಕೆಂದೇ ಹೋದೆ. ಮಾವಶಿ ಕಬ್ಬಿನ ಹೊಲದ ಬದಿಯ ಅಂಗಳದಲ್ಲಿ ಕೂತಿದ್ದಳು. ಮುಖ ಅರಳಿತು. ಮೊಮ್ಮಗಳು ಓಡಿಬಂದು ಉಗುರು ತೆಗೆ ಎಂದು ಕೈ ಚಾಚಿದಳು. "ನಿಮ್ಮವ್ವನ ಕಡೆ ಹೋಗು" ಎಂದು ಕಳಿಸಿ ನನಗೆ ಹೇಳಿದಳು:

"ನಾ ಈಗ ಕತ್ತರಿ ಮುಟ್ಟಂಗಿಲ್ಲ ಸುನಂದಾ. ಎಲ್ಲರೂ ಕಳ್ಳಿ ಅಂದ್ರು, ನಾ ಎದಿಗುಂದಲಿಲ್ಲ. ಆದ್ರ ಅವತ್ತ ನೀ ಎರಡೂ ಒಂದ ಅದಾವ ಅಂದಿ ನೋಡು, ಆಗ ತಿಳೀತು ನನ್ನ ಕಣ್ಣ ಹೋಗ್ಯಾವು ಅಂತ. ಕಣ್ಣ ಕಾಣದ ನಾನs ಎಲಿ ಹಾಳ ಮಾಡೀನಿ. ಉಗುರ ತಗ್ಯಾಕ ಹೋಗಿ ಹುಡುಗಿ ಬೆರಳ ಗಿರಳ ಕತ್ತರಿಸೇನು ಅಂತ ಅಂಜಿಕಿ."

ನಾನು ಅವಳ ಕೆಲಸ ಕಳೆದಿದ್ದೇನೆ ಎಂದು ತಿಳಿದಿದ್ದೆ. ಅವಳು ತನ್ನ ಕಣ್ಣನ್ನೇ ನಂಬದ ಹಾಗೆ ಮಾಡಿದ್ದೇನೆ ಎಂದು — ಕನಸಿನಲ್ಲೂ ಹೊಳೆದಿರಲಿಲ್ಲ.

"ಅಗಾ, ನಿನ್ನ ಬಸ್ ಬಂತು ನೋಡು" ಎಂದಳು. ಕಬ್ಬಿನಾಚೆ, ದೂರದ ಏರಿಯ ಮೇಲೆ, ನನಗಿನ್ನೂ ಏನೂ ಕಾಣುತ್ತಿರಲಿಲ್ಲ.

ಆಗಲೂ ಹೇಳಲಿಲ್ಲ. ಅವಳು ಕೊಟ್ಟ ಚಹಾ ಕುಡಿದೆ, ಕಾಲಿಗೆ ನಮಸ್ಕರಿಸಿದೆ, ಅವಳು ಕಂಡಿದ್ದ ಆ ಬಸ್ಸನ್ನೇ ಹತ್ತಿದೆ. ಅದರ ಮೇಲೆ ಎಷ್ಟೋ ವರ್ಷ ಉರುಳಿದವು.

ಹೋದ ವಾರ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತಳು.

"ಹೊಸ ಫರ್ಮಾ ದೊಡ್ಡದು ಅಂತ ನಮಗೆಲ್ಲಾರಿಗೂ ಗೊತ್ತಿತ್ತು," ಎಂದಳು. "ಹಳೇದು ಕಳದೈತಿ ಅಂತ ಸುಳ್ಳ ಹೇಳಿ ಅದರಾಗs ಕತ್ತರಿಸ್ತಿದ್ವಿ. ಹೌಸಾ ಒಬ್ಬಾಕಿ ಹೇಳಿದಂಗ ಕೇಳಿ ತಿರುಗಿ ಕೊಟ್ಟಿದ್ಲು. ಅವತ್ತ ನಾ ಬಾಯಿ ತಗದಿದ್ರ ನನ್ನ ಕಾರ್ಡೂ ಹೋಗತಿತ್ತು."

ಒಂದೇ ಸೂರಿನ ಕೆಳಗೆ ನಾವಿಬ್ಬರೂ ಇಷ್ಟು ಕಾಲ — ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ —

ಅವ್ವನ ಮೌನದಿಂದ ನನ್ನ ಸುಳ್ಳು ಹಗುರವಾಗುವುದಿಲ್ಲ. ಬೇರೆಯವರು ಅಡಗಿಸಿದರು, ಮಾವಶಿ ನಂಬಿ ಕೇಳಲು ಬಂದದ್ದು ನನ್ನಲ್ಲಿಗೆ. ನಾಡಿದ್ದು ಅವ್ವನೂ ನಾನೂ ಅಲಖನೂರಿಗೆ ಹೋಗುತ್ತೇವೆ. "ಮೊದ್ಲ ನಾ ಹೇಳತೀನಿ" ಎಂದು ಅವ್ವ ಹಟ ಹಿಡಿದಿದ್ದಾಳೆ. ಬೇಡ, ಮೊದಲು ನಾನೇ ಹೇಳುತ್ತೇನೆ, ಮಗಳು ಮೊಮ್ಮಕ್ಕಳು ಎಲ್ಲರೂ ಇರುವಾಗ. ಆಮೇಲೆ ನಮ್ಮ ಓಣಿಗೆ ಬಂದು, ಅಂದು ಕಳ್ಳಿ ಎಂಬ ಮಾತು ಕೇಳಿದವರಲ್ಲಿ ಉಳಿದವರ ಒಬ್ಬೊಬ್ಬರ ಮನೆಗೂ ಹೋಗಿ ಹೇಳಬೇಕು. ಮಾವಶಿ ಕ್ಷಮಿಸಬೇಕೆಂದು ಕೇಳುವುದಿಲ್ಲ. ಅವಳು ಕಂಡದ್ದು ನಿಜವಾಗಿತ್ತು ಎಂದು ಅವಳಿಗೆ ತಿಳಿಯಬೇಕು, ಅಷ್ಟೇ.