ತಾನಾಗಿ ನಿಲ್ಲುತ್ತಿದ್ದ ಗಾಡಿ

ಹಳೆಯ ಗಿರಣಿಯ ಹಿಂದಿನ ಬಯಲಿನಲ್ಲಿ ಹೆಂಗಸರಿಗೆ ಬೈಕ್ ಓಡಿಸಲು ಕಲಿಸುತ್ತಿದ್ದ ಆಕೆಯನ್ನು ಎಲ್ಲರೂ ಕ್ಲಚ್ ಟೀಚರ್ ಎಂದೇ ಕರೆಯುತ್ತಿದ್ದರು. ಬಯಲಿನ ಆ ತುದಿಯಿಂದ ಈ ತುದಿಗೆ ಆಕೆ ಕೂಗುತ್ತಿದ್ದುದು ಅದೊಂದೇ ಪದ. ಗಾಡಿ ಜಿಗಿದರೂ ಕ್ಲಚ್, ವಾಲಿದರೂ ಕ್ಲಚ್, ನಾಯಿ ಅಡ್ಡ ಬಂದರೂ ಕ್ಲಚ್. ಒಮ್ಮೆ ಮನೆಯಲ್ಲಿ ಹಾಲು ಉಕ್ಕಿದಾಗಲೂ ಬಾಯಿತಪ್ಪಿ "ಕ್ಲಚ್!" ಎಂದು ಕಿರುಚಿದ್ದಳು. ಗಂಡ ಅದನ್ನು ಮನೆಗೆ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ.

ಬೈಕು ಆಕೆಯ ಅಪ್ಪ ಓಡಿಸಿದ್ದು. ಒಳ್ಳೆಯ ಗಾಡಿಯೇ, ಆದರೆ ಅದಕ್ಕೊಂದು ಕೆಟ್ಟ ಚಾಳಿ ಇತ್ತು. ನಾಲ್ಕಾರು ಸುತ್ತು ಹೊಡೆದು ಎಂಜಿನ್ ಬಿಸಿಯಾಯಿತೆಂದರೆ, ಗಿರಣಿ ಗೋಡೆಯ ಹತ್ತಿರ ಬರುವಷ್ಟರಲ್ಲಿ ಕೆಮ್ಮಿ ನಿಂತುಬಿಡುತ್ತಿತ್ತು. ರಿಪೇರಿ ಮಾಡಿಸುವ ಬದಲು ಟೀಚರ್ ಅದನ್ನೇ ಪಾಠದಲ್ಲಿ ಸೇರಿಸಿಕೊಂಡಿದ್ದಳು. ಗೋಡೆಯ ಬಳಿ ಬಂದೊಡನೆ ಕ್ಲಚ್ ಹಿಡಿಯಬೇಕು, ನೆರಳಿಗೆ ಸರಿಯಬೇಕು, ಸ್ಟ್ಯಾಂಡ್ ಹಾಕಿ ಇಳಿದು ನೀರು ಕುಡಿಯಬೇಕು. ಗಾಡಿ ಆರುವವರೆಗೆ ಎಲ್ಲರೂ ಸೇರಿ ಹರಟೆ. ಕೀಲಿ ತಿರುಗಿಸಿ ಕಿಕ್ ಹೊಡೆಯುವುದು ಟೀಚರ್ ಕೆಲಸ, ನಿಲ್ಲಿಸುವುದು ಗಾಡಿಯ ಕೆಲಸ. ಹೀಗೆ ಎಷ್ಟೋ ಜನ ಕಲಿತು ಹೋದರು, ಯಾರೂ ತಕರಾರು ಎತ್ತಲಿಲ್ಲ.

ಅತ್ತಿಗೆಯ ವಿಷಯದಲ್ಲಿ ಮಾತ್ರ ಅದು ಕುತ್ತಿಗೆಗೆ ಬಂತು. ಟೀಚರ್ ಅಣ್ಣನ ಹೆಂಡತಿ ನರ್ಸ್. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು, ಲೈಸೆನ್ಸ್ ಇದ್ದರೆ ಮಾತ್ರ. ಟೆಸ್ಟಿಗೆ ಎರಡು ಸಲ ಹೋದಳು. ಎರಡು ಸಲವೂ ಅಭ್ಯಾಸ ಮಾಡಿ ಮಾಡಿ ಬಿಸಿಯಾಗಿದ್ದ ಗಾಡಿ ಇನ್‌ಸ್ಪೆಕ್ಟರ್ ಕಣ್ಣೆದುರೇ ಕೈಕೊಟ್ಟಿತು. ಉಳಿದಿದ್ದು ಒಂದೇ ಅವಕಾಶ. ಈ ವಾರ ಲೈಸೆನ್ಸ್ ತೋರಿಸದಿದ್ದರೆ ಕೆಲಸ ಬೇರೆಯವರ ಪಾಲು. ಅತ್ತಿಗೆ ಗಾಡಿಯ ಧೂಳು ಒರೆಸಿ ತಂದು ನಿಲ್ಲಿಸಿದಳು, ಅಷ್ಟೆ. ಬೈದಿದ್ದರೆ ಟೀಚರಿಗೆ ಎಷ್ಟೋ ಹಗುರವಾಗುತ್ತಿತ್ತು.

ಟೀಚರ್ ನೆಟ್ಟಗೆ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದಳು.

"ಬಿಸಿಯಾದ್ರೆ ನಿಲ್ಲುತ್ತೆ ಅಂದ್ರೆ ಕಿಡಿ ತಪ್ತಿದೆ. ಕೆಟ್ಟಿರೋ ಭಾಗ ಯಾವುದು ಅಂತ ಗೊತ್ತಾ?" ಎಂದು ಅಂಗಡಿಯವನು ಕೇಳಿದ. "ಕಿಡಿ ಯಾವಾಗ ಹಾರಬೇಕು ಅನ್ನೋದು ಮಾಡ್ಯೂಲ್ ಕೆಲಸ. ಕಿಡಿಗೆ ಬಲ ಕೊಡೋದು ಕಾಯಿಲ್. ಗಾಡಿ ನಿಂತಾಗ ಕಾಯಿಲ್ ಮೇಲೆ ಒದ್ದೆ ಬಟ್ಟೆ ಹಾಕಿ ನೋಡಿ. ಕೂಡಲೇ ಸ್ಟಾರ್ಟ್ ಆದ್ರೆ ಕಾಯಿಲ್‌ದೇ ತಪ್ಪು."

ಅಷ್ಟು ಕೇಳುವ ತಾಳ್ಮೆ ಯಾರಿಗಿತ್ತು? ಟೀಚರ್ ಕಣ್ಣು ಆಗಲೇ ಬೆಂಕಿಯ ಚಿತ್ರವಿದ್ದ ಕೆಂಪು ಡಬ್ಬಿಯ ಮೇಲೆ ನೆಟ್ಟಿತ್ತು. "ಅದು?"

"ರೇಸಿಂಗ್ ಮಾಡ್ಯೂಲ್. ಜೋರಾಗಿ ಹೋಗೋ ಹುಡುಗರಿಗೆ. ನಿಧಾನಕ್ಕೆ ಓಡಿಸೋರಿಗೆ ಹೊಂದಲ್ಲಮ್ಮ, ಎಗರುತ್ತೆ."

"ಎಗರಲಿ ಬಿಡಿ. ನಿಲ್ಲದಿದ್ರೆ ಸಾಕು."

ರೇಸಿಂಗ್ ಮಾಡ್ಯೂಲ್ ಕೂರಿಸಿದ ಗಾಡಿಯನ್ನು ಮರುದಿನ ಬೆಳಿಗ್ಗೆ ಅತ್ತಿಗೆ ಹತ್ತಿದಳು. ಗಾಡಿ ಎಗರಿತು ಎಂದರೆ ಕಡಿಮೆಯಾಯಿತು. ಲೈಸೆನ್ಸ್ ಟೆಸ್ಟ್ ಎಂದರೆ ಕಾಲೂರದೆ ಆಮೆಯ ನಡಿಗೆಯಲ್ಲಿ ಎಂಟು ಹಾಕುವುದು. ಈ ಗಾಡಿಗೋ ನಿಧಾನವೆಂಬುದೇ ಮರೆತುಹೋಗಿತ್ತು. ಎಂಟರ ಮೊದಲ ತಿರುವಿನಲ್ಲೇ ಅತ್ತಿಗೆ ಹಳೆಯ ಟೈರುಗಳ ರಾಶಿಗೆ ನುಗ್ಗಿದಳು. ಮೊಣಕೈ ತರಚಿತು. ಎದ್ದು, ಧೂಳು ಕೊಡವಿ, ಹಲ್ಲುಕಚ್ಚಿ ಮತ್ತೆ ಹತ್ತಿದಳು. ನಾಲ್ಕಾರು ಸುತ್ತು ಮುಗಿಯುತ್ತಲೇ ಗಾಡಿ ಗೋಡೆಯ ಬಳಿ ಬಂದು, ಎಂದಿನಂತೆ ಕೆಮ್ಮಿ ನಿಂತಿತು.

ಟೀಚರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

"ಅಂಗಡಿಯವನು ಏನಾದ್ರೂ ಹೇಳಿದ್ನಾ?" ಅತ್ತಿಗೆ ಕೇಳಿದಳು.

"ಏನೋ ಒದ್ದೆ ಬಟ್ಟೆ ಅಂತಿದ್ದ ಅತ್ತಿಗೆ. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ."

ಅತ್ತಿಗೆ ಕರವಸ್ತ್ರ ಒದ್ದೆ ಮಾಡಿ, ಜ್ವರ ಬಂದವರ ಹಣೆಗೆ ಹಾಕುವಂತೆ ನಾಜೂಕಾಗಿ ಕಾಯಿಲ್ ಮೇಲೆ ಹಾಸಿದಳು. ಬಟ್ಟೆ ಬಿಸಿಯಾದಂತೆಲ್ಲ ಮತ್ತೆ ಮತ್ತೆ ನೀರು ಹನಿಸಿದಳು. ಟೀಚರ್ ಕಿಕ್ ಹೊಡೆದಳು. ಒಂದೇ ಏಟಿಗೆ ಸ್ಟಾರ್ಟ್!

"ನೋಡು ತಾಯಿ, ಕಾಯಿಲೆ ಒಂದು ಕಡೆ, ನೀನು ಔಷಧ ಹಚ್ಚಿದ್ದು ಇನ್ನೊಂದು ಕಡೆ" ಎಂದು ಅತ್ತಿಗೆ ಮೊದಲ ಸಲ ನಕ್ಕಳು.

ಈ ಸಲ ಇಬ್ಬರೂ ಅಂಗಡಿಗೆ ಹೋದರು. ಅಂಗಡಿಯವನು ಕೆಂಪು ಡಬ್ಬಿ ನೋಡಿ ಮೀಸೆಯಲ್ಲೇ ನಕ್ಕ. ಗಲ್ಲಾದ ಮೇಲೆ ಮೂರು ಕಾಯಿಲ್ ಇಟ್ಟ. ಬೆರಳುಗಾತ್ರದ ಕೆಂಪು ವೈರಿನದೊಂದು. ನೋಡಲು ಚೆಂದ, ಆದರೆ ಬೇರೆ ಬಗೆಯ ಮಾಡ್ಯೂಲಿಗೆ ಮಾಡಿದ್ದು. ಇನ್ನೊಂದರ ಬೋಲ್ಟಿನ ತೂತು ಈ ಗಾಡಿಗೆ ಕೂರುವುದಿಲ್ಲ. ಮೂರನೆಯದು ಕಪ್ಪಗೆ, ಮೊಂಡಾಗಿ, ಯಾರೂ ತಿರುಗಿ ನೋಡದಂಥದ್ದು. ಮೀಟರ್ ಹಚ್ಚಿ ನೋಡಿದರೆ ಹಳೆಯ ಮಾಡ್ಯೂಲಿಗೆ ಸರಿಯಾಗಿ ಹೊಂದುತ್ತಿದ್ದುದು ಅದೊಂದೇ. ಟೀಚರ್ ಕೈ ತಾನಾಗಿ ಕೆಂಪು ವೈರಿನತ್ತ ಸರಿಯಿತು.

"ಕ್ಲಚ್!" ಎಂದಳು ಅತ್ತಿಗೆ.

ಟೀಚರ್ ಕೈ ಹಿಂತೆಗೆದು ಕಪ್ಪು ಕಾಯಿಲ್ ಎತ್ತಿಕೊಂಡಳು. ಹಳೆಯ ಮಾಡ್ಯೂಲನ್ನು ತಾನೇ ಮತ್ತೆ ಕೂರಿಸಿದಳು.

ಟೆಸ್ಟಿನ ದಿನ ಗಾಡಿ ಬೆಣ್ಣೆಯಂತೆ ಹೋಯಿತು. ಅತ್ತಿಗೆ ಕಾಲೂರದೆ ಎಂಟು ಹಾಕಿದಳು. ಇನ್ನು ಗೇಟಿನವರೆಗೆ ಹೋಗಿ ಬಂದರೆ ಮುಗಿಯಿತು. ಆದರೆ ಅರ್ಧ ದಾರಿಯಲ್ಲಿ ಒಂದು ಗೋಡೆ, ಗೋಡೆಗೆ ನೆರಳು. ಅತ್ತಿಗೆ ಕ್ಲಚ್ ಹಿಡಿದು ನೆರಳಿಗೆ ಸರಿದಳು, ಗೇರ್ ಬಿಡಿಸಿದಳು, ಸ್ಟ್ಯಾಂಡ್ ಹಾಕಿ ಇಳಿದಳು, ಬ್ಯಾಗಿನಿಂದ ನೀರಿನ ಬಾಟಲಿ ತೆಗೆದಳು.

ಬದಿಯಲ್ಲಿ ನಿಂತು ನೋಡುತ್ತಿದ್ದ ಟೀಚರ್ ಹಣೆ ಚಚ್ಚಿಕೊಂಡಳು. ಮುಗಿಯಿತು, ಕೆಲಸ ಹೋಯಿತು, ಇದಕ್ಕೆಲ್ಲ ನಾನೇ ಕಾರಣ ಎಂದುಕೊಳ್ಳುತ್ತ ಇನ್‌ಸ್ಪೆಕ್ಟರ್ ಹಿಂದೆ ಓಡಿದಳು.

"ಯಾಕಮ್ಮ ನಿಲ್ಲಿಸಿದ್ರಿ?"

"ಗಾಡಿ ನಿಂತುಹೋಯ್ತಲ್ಲ ಸಾರ್, ಸ್ವಲ್ಪ ಆರಲಿ."

"ಎಲ್ಲಿ ನಿಂತಿದೆ? ಓಡ್ತಾನೇ ಇದೆ!"

ಅತ್ತಿಗೆ ಬಗ್ಗಿ ಕಿವಿಗೊಟ್ಟಳು. ಎಂಜಿನ್ ಗುನುಗುತ್ತಿತ್ತು. "ಅಯ್ಯೋ" ಎಂದಳು. "ಆಫ್ ಮಾಡೋದು ಹೇಗೆ?"

ಇನ್‌ಸ್ಪೆಕ್ಟರ್ ಅವಳನ್ನು ನೋಡಿದ, ಟೀಚರನ್ನು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಬೆಳಿಗ್ಗೆಯಿಂದ ಎಂಟಲ್ಲಿ ಕಾಲೂರದೆ ಬಂದೋರು ನೀವೊಬ್ಬರೇ. ಗೇಟಿಗೆ ಹೋಗಿ ಬನ್ನಿ. ನಿಲ್ಲಿಸೋದನ್ನ ಮನೇಲಿ ಕಲೀರಿ."

ಮನೆಗೆ ಅತ್ತಿಗೆಯೇ ಓಡಿಸಿದಳು. ಅಪ್ಪನ ಕಾಲದ ನಂತರ ಟೀಚರ್ ಆ ಗಾಡಿಯ ಹಿಂದಿನ ಸೀಟಿನಲ್ಲಿ ಕೂತದ್ದು ಅಂದೇ. ಒಮ್ಮೆಯೂ ಕ್ಲಚ್ ಎನ್ನಲಿಲ್ಲ. ಬಾಗಿಲು ತಲುಪಿದಾಗ ಕೀಲಿಯತ್ತ ಕೈ ಚಾಚಿದಳು. "ಇಲ್ಲಿ ನೋಡಿ ಅತ್ತಿಗೆ, ಆಫ್ ಮಾಡೋದು ಹೀಗೆ..."

ಅತ್ತಿಗೆ ಆ ಕೈ ಹಿಡಿದುಕೊಂಡಳು.

"ಇವತ್ತೊಂದಿನ ಬೇಡ. ಇನ್ನೊಂದು ಸುತ್ತು ಹೋಗಿ ಬರೋಣ."